ಕೆರ್ತುವಿನ ತಟ್ಟೆಗೂಡು ಬಿದ್ದ ಬೆಳಗು

ನನ್ನ ಎತ್ತರ ಎರಡು ಮೀಟರು. ಜಂಬಕ್ಕೆ ಹೇಳುತ್ತಿಲ್ಲ, ಕತೆಗೆ ಬೇಕಾಗುತ್ತದೆಂದು ಹೇಳುತ್ತಿದ್ದೇನೆ. ಒಮ್ಮೆ ನಮ್ಮ ಕಟ್ಟಡದ ಮೂರನೆಯ ಮಹಡಿಯ ಹೆಂಗಸೊಬ್ಬಳು ಕಾಫಿ ಕೆಟಲನ್ನು ಕಿಟಕಿಯ ಹೊರಗೆ ಇಟ್ಟು ಮರೆತಿದ್ದಳು. ನಾನು ಅಂಗಳದಲ್ಲಿ ನಿಂತಲ್ಲಿಂದಲೇ ಕೈ ಚಾಚಿ ಅದನ್ನೆತ್ತಿ, ಒಂದು ಲೋಟ ಬಗ್ಗಿಸಿಕೊಂಡು ಕುಡಿದು, ಮತ್ತೆ ಅಲ್ಲೇ ಇಟ್ಟೆ. ಇದನ್ನು ಕಣ್ಣಾರೆ ಕಂಡ ನಲವತ್ತು ಜನ ತಾಂಪೆರೆ ಊರಿನಲ್ಲಿ ಇನ್ನೂ ಬದುಕಿದ್ದಾರೆ. ಆದರೆ ನಮ್ಮ ಫಿನ್ಲೆಂಡಿನವರಿಗೆ ಮಾತು ಕಡಿಮೆ, ಕೇಳಿದರೂ ಬಾಯಿಬಿಡುವುದಿಲ್ಲ.

ಹೆಸರು ಔಲಿಸ್. ಇಪ್ಪತ್ತನಾಲ್ಕು ಮನೆಗಳ ಕಟ್ಟಡವೊಂದರ ಮೇಲ್ವಿಚಾರಕ. ನಲ್ಲಿ ಸೋರಿದರೆ ನಾನು, ಬೀಗ ಕಚ್ಚಿಕೊಂಡರೆ ನಾನು, ಛಾವಣಿಯ ಹಿಮ ತಳ್ಳುವುದಕ್ಕೂ ನಾನೇ. ಒಗಟು ಬಂದರೆ ಮಾತ್ರ ಏಳನೆಯ ನಂಬರಿನ ಮನೆಯ ಇಂಪಿ. ಎಪ್ಪತ್ತಾರು ವರ್ಷದ ಇಂಪಿ ಹಿಂದೆ ಅಡುಗೆಮನೆಗಳನ್ನು ಅಳೆಯುವ ಕೆಲಸದಲ್ಲಿದ್ದವರು. ಗೃಹಿಣಿಯರು ಒಲೆಯಿಂದ ಸಿಂಕಿಗೆ, ಸಿಂಕಿನಿಂದ ಕಪಾಟಿಗೆ ದಿನವಿಡೀ ಓಡಾಡಿದ ದಾರಿಯನ್ನು ನಕ್ಷೆಯ ಮೇಲೆ ಗುಂಡುಸೂಜಿ ಚುಚ್ಚಿ, ಕೆಂಪು ನೂಲು ಸುತ್ತಿ ತೋರಿಸುತ್ತಿದ್ದರು. ನೂಲು ಉದ್ದವಾದಷ್ಟೂ ಆ ಅಡುಗೆಮನೆ ಕೆಟ್ಟದ್ದು. ಮೂವತ್ತು ವರ್ಷ ಹೀಗೆ ನೂಲು ಸುತ್ತಿದವರಿಗೆ, ಒಂದು ಕೋಣೆಯಲ್ಲಿ ಯಾರು ಎಲ್ಲಿ ನಿಂತು ಎಲ್ಲಿಗೆ ಕೈ ಹಾಕಿದರು ಎಂಬುದು ಮುಖ ನೋಡಿದಷ್ಟೇ ಸಲೀಸಾಗಿ ಗೊತ್ತಾಗುತ್ತಿತ್ತು. ಒಗೆಯುವ ಕೋಣೆಯಿಂದ ಕಳುವಾದ ಹಾಸಿಗೆ ಬಟ್ಟೆ, ಯಾರೋ ಕಿತ್ತೊಯ್ದ ಸೌನಾ ಎಂಬ ಹಬೆಸ್ನಾನದ ಕೋಣೆಯ ಬೆಂಚು, ಎಲ್ಲವನ್ನೂ ಪತ್ತೆ ಮಾಡಿದ್ದು ಅವರೇ. ಅರ್ಧ ಶ್ರೇಯಸ್ಸು ನನ್ನದು ಎಂದು ಜನ ಹೇಳುತ್ತಾರೆ. ಮುಕ್ಕಾಲು ಎನ್ನುವವರೂ ಇದ್ದಾರೆ.

ಆ ವರ್ಷ ಮಾರ್ಚಿನಲ್ಲಿ ನಮ್ಮ ಕಟ್ಟಡದ ಹಳೆಯ ಪೈಪುಗಳನ್ನೆಲ್ಲ ಕಿತ್ತು ಹೊಸದು ಹಾಕುವುದೆಂದು ತೀರ್ಮಾನವಾಯಿತು. ಪೈಪು ಹೋದರೆ ಅಡುಗೆಮನೆಯೂ ಹೋದಂತೆ. ಇಪ್ಪತ್ತನಾಲ್ಕು ಮನೆಗೂ ಹೊಸ ಅಡುಗೆಮನೆ ಬೇಕು, ಯಾರದು ಹಾಕಿಸುವುದು? ಒಂದು ಕಡೆ ಹಿಂದಿನ ಬೀದಿಯ ಬಡಗಿ ಕೆರ್ತು. ಅರವತ್ತಮೂರರ ಹೆಂಗಸು, ನಲವತ್ತು ವರ್ಷದಿಂದ ಅಡುಗೆಮನೆಗಳನ್ನೇ ಕಟ್ಟುತ್ತಾ ಬಂದವಳು, ಪ್ರತಿ ಕಟ್ಟೆಯ ಅಡಿಯಲ್ಲೂ ತನ್ನ ಹೆಸರನ್ನು ಸುಟ್ಟು ಅಚ್ಚೊತ್ತುವವಳು. ಇನ್ನೊಂದು ಕಡೆ ದೊಡ್ಡ ಕಂಪನಿಯೊಂದರ ಪ್ರತಿನಿಧಿ ಸಕಾರಿ. ಅವನ ಚಿತ್ರಗಳಲ್ಲಿ ಕೋಣೆಯ ನಡುವೆ ದ್ವೀಪದಂಥ ಕಟ್ಟೆ, ಬಿಳಿ ಗೋಡೆ, ಗೋಡೆಯ ಮೇಲೆ ಏನೂ ಇಲ್ಲ. ಏನೂ ಇಲ್ಲವೆಂದರೆ, ತಟ್ಟೆಗೂಡೂ ಇಲ್ಲ!

ತಟ್ಟೆಗೂಡಿಲ್ಲದ ಅಡುಗೆಮನೆಯನ್ನು ನಾನು ಅಡುಗೆಮನೆ ಎನ್ನುವುದಿಲ್ಲ. ಸಿಂಕಿನ ನೇರ ಮೇಲೆ ತಳವಿಲ್ಲದ ಕಪಾಟು, ಒಳಗೆ ತಂತಿಯ ಸಾಲು. ತೊಳೆದ ತಟ್ಟೆಯನ್ನು ಹಸಿಯಾಗಿಯೇ ನಿಲ್ಲಿಸಿ ಬಾಗಿಲು ಮುಚ್ಚಿದರಾಯಿತು. ನೀರು ತಾನಾಗಿ ಸಿಂಕಿಗೆ ತೊಟ್ಟಿಕ್ಕುತ್ತದೆ, ಒರೆಸಬೇಕಾದವರು ಹೊರಗೆ ಹೋಗಿ ಹಿಮದಲ್ಲಿ ಜಾರಾಡಬಹುದು. ಬೇರೆ ದೇಶದವರು ಚಂದ್ರನ ಮೇಲೆ ನಡೆದಿರಬಹುದು. ಆದರೆ ಮನೆಗೆ ಬಂದು ಬಟ್ಟೆ ಹಿಡಿದು ತಟ್ಟೆ ಒರೆಸುತ್ತಾ ನಿಂತರಲ್ಲ! ನಾವು ನಿಲ್ಲಲಿಲ್ಲ.

ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಮತದಾನ. ಅದಕ್ಕಾಗಿ ಕೆರ್ತು ನೆಲಮಹಡಿಯ ಸಭಾಕೋಣೆಯ ಗೋಡೆಗೆ ಮಾದರಿ ಅಡುಗೆಮನೆಯನ್ನು ಕಟ್ಟಿದ್ದಳು. ಸಿಂಕು, ಕಟ್ಟೆ, ಕೆಳಗೆ ಡ್ರಾಯರುಗಳು, ಮೇಲೆ ಲೋಟದ ಕಪಾಟು, ಅದರ ಪಕ್ಕ ತಟ್ಟೆಗೂಡು. ಪ್ರತಿ ಮನೆಯಿಂದ ಒಂದೊಂದು ತಟ್ಟೆ ಕೊಟ್ಟಿದ್ದೆವು. ಶುಕ್ರವಾರ ಅವನ್ನೆಲ್ಲ ತೊಳೆದು, ಗೂಡಿನಲ್ಲಿ ನಿಲ್ಲಿಸಿ, ಗೂಡಿನ ಬಾಗಿಲು ಮುಚ್ಚಿ, ಮೂರು ಗಂಟೆಗೆ ಕೋಣೆಗೆ ಬೀಗ ಹಾಕಿಕೊಂಡು ಹೋದಳು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಬೀಗ ತೆಗೆದಾಗ ಗೂಡು ನೆಲದ ಮೇಲೆ ಬೋರಲು ಬಿದ್ದಿತ್ತು. ಸುತ್ತಲೂ ತಟ್ಟೆಯ ಚೂರುಗಳು, ಸುಮಾರು ಹತ್ತು ಲಕ್ಷ.

ಹತ್ತು ನಿಮಿಷದಲ್ಲಿ ಇಂಪಿ ಬಂದರು. ಬಾಗಿಲಲ್ಲಿ ಶೂ ಬಿಚ್ಚಿಟ್ಟು, ಕಾಲುಚೀಲದಲ್ಲೇ ಚೂರುಗಳ ನಡುವೆ ಕೊಕ್ಕರೆಯ ಹಾಗೆ ಹೆಜ್ಜೆಯಿಟ್ಟರು. ಕೈಯಲ್ಲಿ ಅವರ ಮಡಚುವ ಅಳತೆಕೋಲು.

"ಏನೂ ಮುಟ್ಟಿಲ್ಲ ತಾನೇ?"

"ಉಸಿರು ಕೂಡ ಬಿಟ್ಟಿಲ್ಲ," ಎಂದೆ. "ಎಂಥಾ ನಷ್ಟ ಇಂಪಿ! ಮೇಲಿನ ಸಾಲಿನ ಮಧ್ಯದಲ್ಲಿ ನಮ್ಮಮ್ಮನ ನೀಲಿ ಹೂವಿನ ತಟ್ಟೆ, ರಾಣಿ ಥರ ಕೂತಿತ್ತು. ಚಕ್ರವರ್ತಿಗಳ ಊಟದ ಮೇಜಿಂದ ಬಂದಿದ್ದು ಅದು."

"ನಿಮ್ಮಮ್ಮ ಸಂತೇಲಿ ತಗೊಂಡಿದ್ದು. ನಾನೂ ಜೊತೇಲಿದ್ದೆ," ಎಂದ ಇಂಪಿ ಬಗ್ಗಿ, ಬಿದ್ದ ಗೂಡಿನೊಳಗೆ ಇಣುಕಿದರು. ಮೇಲಿನ ತಂತಿಯ ಸಾಲಿನ ನಡುವೆ ಸಿಕ್ಕಿಕೊಂಡಿದ್ದ ಚೂರೊಂದನ್ನು ಬಿಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. ಚೂರು ನೀಲಿಯಾಗಿತ್ತು.

ಅಷ್ಟರಲ್ಲಿ ಕೆರ್ತು ಬಂದಳು. ಚೂರುಗಳನ್ನು ನೋಡಲಿಲ್ಲ, ಗೋಡೆಯನ್ನು ನೋಡಿದಳು. ಗೂಡು ನೇತಾಡುತ್ತಿದ್ದ ಮರದ ಪಟ್ಟಿಯ ಒಂದು ತುದಿ ಗಾರೆಯ ಸಮೇತ ಕಿತ್ತುಬಂದಿತ್ತು. ಅವಳು ಕಟ್ಟೆಯ ಅಂಚು ಹಿಡಿದು ನಿಂತಳು.

"ಹನ್ನೆರಡು ಕಿಲೋ ತಟ್ಟೆ," ಎಂದಳು. "ಬರೀ ಹನ್ನೆರಡು ಕಿಲೋ ಹಿಡಿಯಕ್ಕಾಗ್ಲಿಲ್ಲ ಅಂದ್ರೆ ನಾನು ಇಷ್ಟು ವರ್ಷ ಮಾಡಿದ್ದಾದ್ರೂ ಏನು? ಈ ಊರಲ್ಲಿ ಆರುನೂರು ಮನೇಲಿ ನನ್ನ ಗೂಡಿದೆ ಇಂಪಿ. ಅದರ ಕೆಳಗೆ ತಲೆ ಬಗ್ಗಿಸಿ ಪಾತ್ರೆ ತೊಳೀತಾರೆ ಜನ. ಮಧ್ಯಾಹ್ನ ಎಲ್ಲರ ಮುಂದೆ ಹೇಳ್ಬಿಡ್ತೀನಿ, ನನ್ನನ್ನ ಬಿಟ್ಬಿಡಿ ಅಂತ. ಸೋಮವಾರದಿಂದ ಶೆಡ್ಡಿಗೆ ಬೀಗ."

ನಾನು ಅತ್ತ ತಿರುಗಿ ಹೀಟರು ಬಿಸಿ ಇದೆಯೇ ಎಂದು ಮುಟ್ಟಿ ನೋಡಿದೆ. ಮೇಲ್ವಿಚಾರಕನಿಗೆ ಇಂಥ ಕೆಲಸ ಇದ್ದೇ ಇರುತ್ತದೆ.

"ಮಧ್ಯಾಹ್ನದವರೆಗೂ ಬಾಯಿ ಮುಚ್ಕೊಂಡಿರು," ಎಂದರು ಇಂಪಿ. "ಹೋಗಿ ಮುಖ ತೊಳ್ಕೊ. ಯಾರ ತಟ್ಟೆ ಎಲ್ಲಿಟ್ಟೆ ಅಂತ ಚೀಟಿ ಏನಾದ್ರೂ ಬರ್ಕೊಂಡಿದ್ರೆ ತಗೊಂಡು ಬಾ."

ನಮ್ಮ ಸಂಘದ ಅಧ್ಯಕ್ಷೆ ಹೆಲ್ವಿಯ ಮನೆ ಸಭಾಕೋಣೆಯ ನೇರ ಮೇಲೆ. ಅವಳು ಮೊದಲಿನಿಂದಲೂ ಸಕಾರಿಯ ದ್ವೀಪದ ಪಕ್ಷ. ನಾವು ಹೋದಾಗ ಭುಜಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕೂತಿದ್ದಳು.

"ಬೆಳಿಗ್ಗೆ ಆರಕ್ಕೆ ಧಡ್ ಅಂತು," ಎಂದಳು. "ಛಾವಣಿಯಿಂದ ಹಿಮ ಜಾರಿತು ಅಂದ್ಕೊಂಡು ಮಗ್ಗಲು ಬದಲಾಯಿಸ್ದೆ. ಈ ಔಲಿಸ್ ಹಿಮ ತಳ್ಳಿದ್ರೆ ತಾನೇ!"

"ಬುಧವಾರವೇ ತಳ್ಳಿದೀನಿ. ಎಂಟು ನಿಮಿಷದಲ್ಲಿ, ಒಂದೇ ಕೈಯಲ್ಲಿ," ಎಂದೆ.

"ಕೀಲಿ ಯಾರ ಹತ್ರ ಇತ್ತು?" ಇಂಪಿ ಕೇಳಿದರು.

"ಕೆರ್ತು ಹತ್ರ ಒಂದು, ನನ್ಹತ್ರ ಒಂದು. ನಿನ್ನೆ ನಾಲ್ಕು ಗಂಟೆಗೆ ಸಕಾರಿ ಬಂದು ಗೋಡೆ ಅಳೀಬೇಕು ಅಂತ ನನ್ನ ಕೀಲಿ ಇಸ್ಕೊಂಡು ಹೋದ, ಕಾಲು ಗಂಟೇಲಿ ವಾಪಸ್ ಕೊಟ್ಟ. ಐದಕ್ಕೆ ನಾನು ಹೋಗಿ ಕಾಫಿ ಲೋಟದ ಡಬ್ಬಿಗಳನ್ನ ಮೇಜಿನ ಮೇಲಿಟ್ಟು ಬಂದೆ. ಆಗ ಗೂಡು ಗೋಡೆ ಮೇಲೆ ಚೆನ್ನಾಗೇ ಇತ್ತು. ಆಮೇಲೆ ಕೆರ್ತುನೇ ಬಂದು ಲೋಟ ಎಲ್ಲ ಕಪಾಟಿಗೆ ಜೋಡಿಸಿ ಹೋದಳು. ಮತ್ತೆ ಇವನ ಸೊಂಟದಲ್ಲಿ ನೇತಾಡ್ತಿರೋ ಗೊಂಚಲಿಲ್ವಾ?"

"ನನ್ನದು ಲೆಕ್ಕಕ್ಕಿಲ್ಲ," ಎಂದೆ. "ಐದೂವರೆಗೆ ಹೀಟರು ಬಿಸಿ ಇದ್ಯಾ ಅಂತ ಮುಟ್ಟಿ ನೋಡಿ ಬಂದೆ, ಅಷ್ಟೇ. ಗೂಡಿನ ಬಾಗಿಲು ಕೂಡ ತೆಗೀಲಿಲ್ಲ."

ಸಭಾಕೋಣೆಗೆ ಮರಳಿದಾಗ ಸಕಾರಿ ಆಗಲೇ ಬಂದಿದ್ದ. ಕಾಲಿಗೆ, ಅವನ ಕಂಪನಿಯವರೆಲ್ಲ ಹಾಕುವಂತೆ, ಶೂ ಮೇಲೆಯೇ ನೀಲಿ ಪ್ಲಾಸ್ಟಿಕ್ ಚೀಲ. ಅವನು ಸಾಕಷ್ಟು ಎತ್ತರದ ಆಳು. ಮರ್ಯಾದೆಗೆಂದು ನಾನು ಅವನನ್ನು ಸ್ವಲ್ಪ ತಲೆಯೆತ್ತಿಯೇ ಮಾತಾಡಿಸಿದೆ.

"ನನಗೂ ಬೇಜಾರಾಯ್ತು," ಎಂದ. "ಆದ್ರೆ ನೋಡಿ, ಗೋಡೆ ಮೇಲೆ ಭಾರ ಹೇರೋ ಕಾಲ ಹೋಯ್ತು. ನಮ್ಮದ್ರಲ್ಲಿ ಬೀಳೋಕೆ ಏನೂ ಇಲ್ಲ."

"ನಿಲ್ಲಿಸೋಕೂ ಏನೂ ಇಲ್ಲ," ಎಂದ ಇಂಪಿ ಮೊಣಕಾಲೂರಿ ಡ್ರಾಯರುಗಳನ್ನು ಒಂದೊಂದಾಗಿ ಎಳೆದರು. ಕೆರ್ತುವಿನ ಡ್ರಾಯರು ಕಿರುಬೆರಳು ತಾಗಿಸಿದರೆ ಸಾಕು, ತಾನಾಗಿ ಹೊರಗೆ ಬರುತ್ತದೆ. ಮೇಲಿನದು ಬಂತು, ನಡುವಿನದು ಬಂತು. ಎಲ್ಲಕ್ಕಿಂತ ಕೆಳಗಿನದು ಅರ್ಧಕ್ಕೆ ಬಂದು ತಡೆಯಿತು. ಇಂಪಿ ಅದರ ಹಳಿಯಿಂದ ಉಗುರಿನಲ್ಲಿ ಏನನ್ನೋ ಕಿತ್ತು ಬೆಳಕಿಗೆ ಹಿಡಿದರು. ಬೂದು ಬಣ್ಣದ ಉಣ್ಣೆಯ ಎಳೆ.

"ಅಪರಾಧಿ ಕುರಿ ಸಾಕ್ತಾನೆ ಅನ್ಸುತ್ತೆ," ಎಂದೆ. ಇಂತಹ ಹೊಳಹುಗಳೇ ಅವರಿಗೆ ಸದಾ ನೆರವಾಗುತ್ತಿದ್ದದ್ದು.

ಇಂಪಿ ನನ್ನ ಕಡೆ ನೋಡಿದರು. ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು. "ನಿನ್ನ ಮಡಚೋ ಮೆಟ್ಟಿಲು ಎಲ್ಲೋ?"

ನನ್ನ ಜೊತೆ ಸದಾ ಒಂದು ಮಡಚುವ ಮೆಟ್ಟಿಲು ಇರುತ್ತದೆ. ನನಗಲ್ಲ, ಗಿಡ್ಡ ಜನರಿಗೆ ಸಹಾಯವಾಗಲೆಂದು. "ಗುರುವಾರದಿಂದ ಒಂಬತ್ತನೇ ನಂಬರ್ ಮನೇಲಿದೆ. ಪರದೆ ಹಾಕ್ತಿದಾರೆ," ಎಂದೆ.

"ಓಹೋ," ಎಂದರು ಇಂಪಿ.

ಹನ್ನೆರಡಕ್ಕೆ ಕೋಣೆ ತುಂಬಿತು. ಬಾಗಿಲ ಬಳಿ ಶೂಗಳ ಬೆಟ್ಟವೇ ಬೆಳೆಯಿತು. ಇಂಪಿ ದೊಡ್ಡ ಕೆಟಲಿನಲ್ಲಿ ಕಾಫಿ ಇಳಿಸಿ, "ಲೋಟ ಮೇಲಿನ ಕಪಾಟಲ್ಲಿದೆ, ಮೇಲಿನ ಸಾಲಲ್ಲಿ. ಅವರವರದ್ದು ಅವರವರೇ ತಗೊಳ್ಳಿ," ಎಂದರು. ಬೀಳದೆ ಉಳಿದಿದ್ದ ಕಪಾಟು ಅದು. ಸಕಾರಿ ನಿಂತಲ್ಲೇ ಕೈಚಾಚಿ ತೆಗೆದ. ಹೆಲ್ವಿ ಕೈಯನ್ನು ಕಿವಿಯವರೆಗೂ ಎತ್ತಲಾರದೆ, "ಭುಜ ಹಿಡ್ಕೊಂಡಿದೆ, ನನಗೊಂದು ಕೊಡಪ್ಪ ಸಕಾರಿ," ಎಂದಳು. ಕೆರ್ತು ಮೂಲೆಯಲ್ಲಿದ್ದ ಸ್ಟೂಲನ್ನು ತಂದು, ಅದರ ಮೇಲೆ ಹತ್ತಿ, ತನ್ನ ಲೋಟ ತೆಗೆದು, ಸ್ಟೂಲನ್ನು ಮತ್ತೆ ಅದರ ಜಾಗದಲ್ಲೇ ಇಟ್ಟಳು.

"ಔಲಿಸ್, ನಿನಗೆ?"

"ನನಗೆ ಬೇಡ," ಎಂದೆ. "ಇವತ್ತು ಕಾಫಿ ಬೇಡ."

ಫಿನ್ಲೆಂಡಿನಲ್ಲಿ ಕಾಫಿ ಬೇಡ ಎಂದವರನ್ನು ಯಾರೂ ಕಂಡಿಲ್ಲ. ಒಂಬತ್ತನೆಯ ಮನೆಯ ಮುದುಕ, "ಡಾಕ್ಟರಿಗೆ ಫೋನ್ ಮಾಡ್ರೋ," ಎಂದ.

ಕೆರ್ತು ಎದ್ದು ನಿಂತಳು. "ನಾನು ಒಂದು ಮಾತು ಹೇಳ್ಬೇಕು..."

"ಕೂತ್ಕೊ ಕೆರ್ತು," ಎಂದರು ಇಂಪಿ. "ಮೊದಲು ನಾನು. ಈ ಗೂಡು ಯಾಕೆ ಬಿತ್ತು? ಯಾರೋ ತಿರುಪು ಸಡಿಲಿಸಿದ್ರೆ ತಿರುಪುಗಳು ನೆಟ್ಟಗೆ ಇರ್ತಿದ್ವು. ಸರಿಯಾಗಿ ಕೂರಿಸದೇ ಇದ್ದಿದ್ರೆ ನೆಟ್ಟಗೇ ಜಾರಿ ಬರ್ತಿದ್ವು. ನೋಡಿ." ಗೂಡಿನ ಪಟ್ಟಿಯಿಂದ ತೆಗೆದಿದ್ದ ನಾಲ್ಕು ದಪ್ಪ ತಿರುಪುಗಳನ್ನು ಮೇಜಿನ ಮೇಲಿಟ್ಟರು. ಎಲ್ಲವೂ ಕೆಳಮುಖವಾಗಿ ಕೊಕ್ಕೆಯ ಹಾಗೆ ಬಾಗಿದ್ದವು. "ಬಾಗಿವೆ. ಹನ್ನೆರಡು ಕಿಲೋ ತಟ್ಟೆಗೆ ಇಂಥ ಉಕ್ಕು ಬಾಗಲ್ಲ. ಯಾರೋ ಇದಕ್ಕೆ ಜೋತುಬಿದ್ದಿದಾರೆ."

ಗುಜುಗುಜು ಎದ್ದಿತು.

"ಯಾರು? ಕೆಳಗಿನ ಡ್ರಾಯರಿನ ಮುಂಭಾಗ ಎರಡು ಮಿಲಿಮೀಟರು ಕುಸಿದಿದೆ. ಯಾರೋ ಅದನ್ನ ಎಳೆದು, ಮೆಟ್ಟಿಲು ಮಾಡ್ಕೊಂಡು ಹತ್ತಿದಾರೆ. ಕಾಲು ಜಾರಿದೆ, ಕೈಗೆ ಸಿಕ್ಕಿದ್ದನ್ನ ಹಿಡ್ಕೊಂಡಿದಾರೆ. ಹತ್ತಬೇಕಾಗಿ ಬಂತು ಅಂದ್ರೆ ಆಸಾಮಿ ಎತ್ತರ ಇಲ್ಲ. ಹಳೀಲಿ ಉಣ್ಣೆ ಕಾಲುಚೀಲದ ಎಳೆ ಸಿಕ್ತು. ಕದ್ದು ಬಂದಾಗ್ಲೂ ಬಾಗಿಲಲ್ಲಿ ಶೂ ಬಿಚ್ಚಿಟ್ಟ ಸಭ್ಯ ಮನುಷ್ಯ!"

ಜನ ನಕ್ಕರು. ನಾನೂ ನಕ್ಕೆ, ತುಸು ತಡವಾಗಿ.

"ಸಕಾರಿಗೆ ಡ್ರಾಯರೂ ಬೇಡ, ಅವನು ಪ್ಲಾಸ್ಟಿಕ್ ಚೀಲ ಬಿಚ್ಚಿದ್ದನ್ನ ಯಾರೂ ನೋಡಿಲ್ಲ. ಹೆಲ್ವಿಗೆ ಕೈಯೇ ಮೇಲೇಳಲ್ಲ, ಜೋತುಬೀಳೋದು ಎಲ್ಲಿಂದ? ಕೆರ್ತು ಗಿಡ್ಡಗಿದಾಳೆ, ಆದ್ರೆ ಡ್ರಾಯರು ಮಾಡಿದವಳು ಅದರ ಮೇಲೆ ನಿಲ್ಲಲ್ಲ, ಸ್ಟೂಲು ತರ್ತಾಳೆ. ಈಗ ತಾನೇ ನೋಡಿದ್ರಿ. ಇನ್ನು, ಯಾಕೆ ಹತ್ತಿದ್ದು? ಕೆರ್ತು, ಆ ಚೀಟಿ ಓದು. ಮೇಲಿನ ಸಾಲು ಮಧ್ಯದಲ್ಲಿ ಯಾರ ತಟ್ಟೆ ಇಟ್ಟಿದ್ದೆ?"

ಕೆರ್ತು ಚೀಟಿ ಬಿಡಿಸಿದಳು. "ಹೆಲ್ವಿಯವರ ಚಿನ್ನದ ಅಂಚಿನದು."

"ಔಲಿಸನ ನೀಲಿ ಹೂವಿನದು?"

"ಕೆಳಗಿನ ಸಾಲು, ಕೊನೇ ಮೂಲೆ. ಇಪ್ಪತ್ತನಾಲ್ಕನೇ ಮನೆ ಅಲ್ವಾ, ಕೊನೇಲಿ ಇಟ್ಟೆ."

ಇಂಪಿ ಜೇಬಿನಿಂದ ನೀಲಿ ಚೂರನ್ನು ತೆಗೆದು ತಿರುಪುಗಳ ಪಕ್ಕದಲ್ಲಿಟ್ಟರು. "ಇದು ಮೇಲಿನ ಸಾಲಿನ ಮಧ್ಯದ ತಂತೀಲಿ ಸಿಕ್ಕಿತ್ತು. ಯಾರೋ ಎರಡು ತಟ್ಟೆ ಅದಲುಬದಲು ಮಾಡಿದಾರೆ. ಹಾಗೆ ಬದಲಾಗಿದ್ದು ಬದಲಾಯಿಸಿದವರಿಗೆ ಮಾತ್ರ ಗೊತ್ತಿರ್ಬೇಕು. ಕೆರ್ತು ಬಾಗಿಲು ಮುಚ್ಚಿ ಹೋದಮೇಲೆ ಗೂಡು ತೆಗೆದು ನೋಡಿದೀನಿ ಅಂತ ಯಾರೂ ಹೇಳಿಲ್ಲ." ಅವರು ನನ್ನ ಕಡೆ ತಿರುಗಿದರು. ದನಿ ಮೆತ್ತಗಿತ್ತು. "ಔಲಿಸ್, ನಿಮ್ಮಮ್ಮನ ತಟ್ಟೆ ಎಲ್ಲಿತ್ತು ಅಂತ ಬೆಳಿಗ್ಗೆ ನನಗೆ ಹೇಳ್ದೆ?"

ಆ ಕ್ಷಣದಲ್ಲಿ ನನ್ನ ಬಳಿ ಮೂರು ಅತ್ಯುತ್ತಮ ಸುಳ್ಳುಗಳು ಸಿದ್ಧವಿದ್ದವು. ಒಂದರಲ್ಲಿ ಕರಡಿಯೂ ಇತ್ತು. ಕೆರ್ತುವನ್ನು ನೋಡಿದೆ. ಅವಳು ಮುರಿದ ಗೂಡಿನ ಹಲಗೆಯ ಮೇಲೆ ಅಂಗೈ ಇಟ್ಟು, ಜ್ವರದ ಮಗುವಿನ ಹಣೆ ಮುಟ್ಟುವವರ ಹಾಗೆ ಸವರುತ್ತಿದ್ದಳು. ಕರಡಿ ಕಾಡಿಗೆ ಓಡಿಹೋಯಿತು.

"ಮೇಲಿನ ಸಾಲು ಮಧ್ಯದಲ್ಲಿ," ಎಂದೆ. "ನಾನೇ ಇಟ್ಟಿದ್ದು. ನಾಳೆ ಎಲ್ಲರೂ ಬಾಗಿಲು ತೆಗೆದು ನೋಡುವಾಗ ನಮ್ಮಮ್ಮನ ತಟ್ಟೆ ಮೂಲೇಲಿ ಇರ್ಬಾರ್ದು ಅನ್ಸಿತು. ಮೆಟ್ಟಿಲು ಇರ್ಲಿಲ್ಲ. ಸ್ಟೂಲು ಕಣ್ಣಿಗೆ ಬೀಳ್ಲಿಲ್ಲ. ಡ್ರಾಯರ್ ಮೇಲೆ ಹತ್ತಿ ತಟ್ಟೆ ಇಟ್ಟೆ, ಇಳಿಯುವಾಗ ಜಾರಿತು. ಎರಡು ಕೈಯಲ್ಲಿ ಗೂಡು ಹಿಡ್ಕೊಂಡು ನೇತಾಡ್ದೆ. ಕಟಕ್ ಅಂತು. ಇಳಿದು, ಮೇಲಕ್ಕೆ ಒತ್ತಿ, ಬಾಗಿಲು ಮುಚ್ಚಿ ಹೋಗ್ಬಿಟ್ಟೆ. ಬೆಳಿಗ್ಗೆ ನೋಡಿದ ಕೂಡ್ಲೇ ಗೊತ್ತಾಯ್ತು. ಹೇಳೋಕೆ ಬಾಯಿ ಬರ್ಲಿಲ್ಲ. ತಪ್ಪು ನಂದು ಕೆರ್ತು, ನಿನ್ನ ಕೈದಲ್ಲ."

ಕೆರ್ತು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟೊತ್ತು ನೇತಾಡ್ದೆ?"

"ಒಂದು ಗಂಟೆ," ಎಂದೆ. ಅವಳ ಮುಖ ನೋಡಿ, "ಒಂದು ನಿಮಿಷ... ಅರ್ಧ ನಿಮಿಷ," ಎಂದೆ.

"ತೂಕ ಎಷ್ಟು ನೀನು?"

"ನೂರು ಕಿಲೋ."

"ಅರವತ್ತೆಂಟು," ಎಂದರು ಇಂಪಿ. "ಸೌನಾ ಕೋಣೆಯ ತೂಕದ ಯಂತ್ರ ನಾವೂ ನೋಡ್ತೀವಪ್ಪ." ಆಮೇಲೆ ಅವರು ಇಡೀ ಕೋಣೆಯ ಕಡೆ ತಿರುಗಿ, ಅಳತೆಕೋಲನ್ನು ಕತ್ತಿಯಂತೆ ಎತ್ತಿದರು. "ಕೇಳಿದ್ರಾ? ಅರವತ್ತೆಂಟು ಕಿಲೋ ಗಂಡಸು ಎರಡೂ ಕೈಯಲ್ಲಿ ಜೋತುಬಿದ್ದ. ತಿರುಪು ಬಾಗಿತು, ಗೂಡು ಬೀಳ್ಲಿಲ್ಲ. ಐದೂವರೆಯಿಂದ ಬೆಳಿಗ್ಗೆ ಆರರವರೆಗೆ, ಹನ್ನೆರಡೂವರೆ ಗಂಟೆ, ಬಾಗಿದ ತಿರುಪಿನ ಮೇಲೆ ನಿಮ್ಮೆಲ್ಲರ ತಟ್ಟೆ ಹೊತ್ಕೊಂಡು ನಿಂತಿತ್ತು. ಮೂವತ್ತು ವರ್ಷ ಅಡುಗೆಮನೆ ಅಳೆದಿದೀನಿ, ಇಂಥ ಗೂಡು ನಾನು ನೋಡಿಲ್ಲ."

ಸಕಾರಿ ಬಾಗಿದ ತಿರುಪೊಂದನ್ನು ಎತ್ತಿ ಬೆರಳುಗಳ ನಡುವೆ ತಿರುಗಿಸಿದ. ಒಳ್ಳೆಯ ಮನುಷ್ಯ. "ನಮ್ಮ ಕಪಾಟಿಗೆ ಜೋತುಬಿದ್ದು ನೋಡಿ ಅಂತ ನಾನು ಯಾರಿಗೂ ಹೇಳಲ್ಲ," ಎಂದು ತನ್ನ ಚಿತ್ರಗಳನ್ನು ಸುರುಳಿ ಸುತ್ತಿದ. ಮತ ಎಣಿಸಿದಾಗ ಕೆರ್ತುವಿಗೆ ಇಪ್ಪತ್ತೆರಡು. ಹೆಲ್ವಿಯೂ ಕೈಯೆತ್ತಿದ್ದಳು, ಭುಜ ಬಿಟ್ಟಷ್ಟು.

ಆ ಮಾರ್ಚಿನ ಬಿಸಿಲಲ್ಲಿ ಕೆರ್ತು ಶೂ ಹಾಕಿಕೊಳ್ಳುತ್ತಿದ್ದಾಗ ಅವಳ ಬೆನ್ನು ಹೇಗೆ ನೆಟ್ಟಗಾಗಿತ್ತೆಂದರೆ, ನನ್ನಷ್ಟೇ ಎತ್ತರ ಕಂಡಳು. ಒಡೆದ ಇಪ್ಪತ್ತನಾಲ್ಕು ತಟ್ಟೆಗಳಿಗೆ ಬದಲಾಗಿ ನಾನು ಒಂದು ವರ್ಷ ಎಲ್ಲರ ಮನೆ ಮುಂದಿನ ಹಿಮ ಹೆಚ್ಚುವರಿಯಾಗಿ ಗೋರಬೇಕೆಂದು ತೀರ್ಪಾಯಿತು. ಮೂರು ದಿನದಲ್ಲಿ ಇಡೀ ಊರಿನ ಹಿಮ ಗೋರಿಬಿಟ್ಟೆ, ಆದರೆ ಆ ಕತೆ ಬೇರೆ.

ಮೇ ತಿಂಗಳಲ್ಲಿ ಕೆರ್ತು ಮನೆಮನೆಗೆ ಟೇಪು ಹಿಡಿದು ಬಂದಳು. ಕಟ್ಟೆ ಎಷ್ಟು ಎತ್ತರ, ಗೂಡು ಎಷ್ಟು ಎತ್ತರ, ಎಲ್ಲವೂ ಆ ಮನೆಯಲ್ಲಿ ಪಾತ್ರೆ ತೊಳೆಯುವವರ ಅಳತೆಗೆ ತಕ್ಕಂತೆ. ಕೊನೆಗೆ ನನ್ನ ಮನೆ. ಇಂಪಿಯೂ ಜೊತೆಗಿದ್ದರು.

"ಎತ್ತರ?" ಕೆರ್ತು ಪೆನ್ಸಿಲು ಕಿವಿಯಿಂದ ತೆಗೆದಳು.

"ಎರಡು ಮೀಟರು," ಎಂದೆ.

ಅವಳು ನಗಲಿಲ್ಲ. ಚೀಟಿಯಲ್ಲಿ ಬರೆದುಕೊಂಡಳು. "ಸರಿ. ಹಾಗಾದ್ರೆ ಕಟ್ಟೆ ನಿನ್ನ ಗದ್ದಕ್ಕೆ ಬರುತ್ತೆ. ತಟ್ಟೆಗೂಡು ಎಲ್ಲಿರುತ್ತೆ ಅಂತ ನೋಡೋಕೆ ಕೊರಳೆತ್ತಬೇಕು. ನೀನು ಹೇಳಿದ ಅಳತೆಗೇ ಮಾಡೋಳು ನಾನು, ಆಮೇಲೆ ಬದಲಾಯಿಸಲ್ಲ."

ನಾನು ಇಂಪಿಯನ್ನು ನೋಡಿದೆ. ಅವರು ಕಿಟಕಿಯಾಚೆ ಯಾವುದೋ ಹಕ್ಕಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಒಂದು ಮೀಟರು ಅರವತ್ತೆರಡು ಸೆಂಟಿಮೀಟರು," ಎಂದೆ.

"ಕಾಲುಚೀಲ ಬಿಚ್ಚು."

ದಪ್ಪ ಉಣ್ಣೆಯ ಬೂದು ಕಾಲುಚೀಲ. ಬಿಚ್ಚಿ ಗೋಡೆಗೆ ಬೆನ್ನು ಹಚ್ಚಿ ನಿಂತೆ. ತಲೆಯ ಮೇಲೆ ಪೆನ್ಸಿಲಿನ ಗೆರೆ ಬಿತ್ತು, ಟೇಪು ಸರ್ರನೆ ಇಳಿಯಿತು.

ನೂರ ಐವತ್ತೊಂಬತ್ತು. ಕಾಫಿ ಕೆಟಲು ಇದ್ದದ್ದು ನೆಲಮಹಡಿಯ ಕಿಟಕಿಯಲ್ಲಿ, ಮೆಟ್ಟಿಲಿನ ಮೇಲೆ ಹತ್ತಿ ತೆಗೆದದ್ದು. ಈಗ ನನ್ನ ತಟ್ಟೆಗೂಡು ಈ ಕಟ್ಟಡದಲ್ಲಿ ಎಲ್ಲಕ್ಕಿಂತ ಕೆಳಗಿದೆ. ಮೇಲಿನ ಸಾಲಿನ ಮಧ್ಯಕ್ಕೆ ನನ್ನ ಕೈ ಸಲೀಸಾಗಿ ಎಟಕುತ್ತದೆ. ಅಂಟು ಹಾಕಿ ಜೋಡಿಸಿದ ನೀಲಿ ಹೂವಿನ ತಟ್ಟೆ ಅಲ್ಲಿದೆ. ಅಮ್ಮ ಅದನ್ನು ಸಂತೆಯಲ್ಲೇ ಕೊಂಡದ್ದು.